ಹಳೆಯ ಬೇಸ್ ಗಿಟಾರ್‌ಗೆ ಹಳೆಯ ಟ್ರಾನ್ಸಿಸ್ಟರ್ ಆಂಪ್: ಜೋಡಿ ಕೂಡಿಬರುತ್ತಾ?

ನಾಲ್ಕುತಂತಿ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎಪ್ಪತ್ತರ ದಶಕದ ಫೆಂಡರ್ ಪ್ರಿಸಿಷನ್ ಬೇಸ್ ಇದೆ. ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಮೂಲದ್ದೇ, ತಂತಿ ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಪಟ್ಟಿ ಸುತ್ತಿದ ನಯವಾದದ್ದು. ಇತ್ತೀಚೆಗೆ ಗ್ಯಾಲಿಯನ್ ಕ್ರೂಗರ್ 800ಆರ್‌ಬಿ ಟ್ರಾನ್ಸಿಸ್ಟರ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಒಂದು ಕೈಗೆ ಬಂತು. ಒಳ್ಳೆಯ ಸ್ಥಿತಿಯಲ್ಲಿದೆ. ಕ್ಯಾಬಿನೆಟ್ ಮಾತ್ರ ಹೊಸದು. ನಾಲ್ಕು ಹತ್ತಿಂಚಿನ ಸ್ಪೀಕರ್, ಮೇಲೊಂದು ಟ್ವೀಟರ್ (ಎತ್ತರದ ಸ್ವರಕ್ಕೆ ಸಣ್ಣ ಸ್ಪೀಕರ್), 8 ಓಮ್.

ಒಬ್ಬನೇ ನುಡಿಸುವಾಗ ಗೋಡೆ ನಡುಗುತ್ತದೆ. ಬ್ಯಾಂಡ್ ಶುರುವಾದ ಕೂಡಲೇ ಬೇಸ್ ಎಲ್ಲಿ ಹೋಯಿತು ಎಂದೇ ಗೊತ್ತಾಗುವುದಿಲ್ಲ. ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚುತ್ತದೆ, ಸ್ವರ ಮಾತ್ರ ಕೇಳಿಸುವುದಿಲ್ಲ. "ಹಳೇ ಬೇಸ್‌ಗೆ ವಾಲ್ವ್ (ಗಾಜಿನ ಟ್ಯೂಬ್) ಆಂಪೇ ಬೇಕು, ಟ್ರಾನ್ಸಿಸ್ಟರ್ ಆಗಿಬರಲ್ಲ" ಎಂದು ಜೊತೆಯವರು ಹೇಳುತ್ತಿದ್ದಾರೆ. ನಿಜವಾ? ಹೆಡ್ ಮಾರಿಬಿಡಲಾ?

ವಾಲ್ವ್‌ಪ್ರೇಮಿ
ನಿಜ. ಮಾರಿಬಿಡಿ. ಆ ಕಾಲದ ಪ್ರಿಸಿಷನ್‌ಗೆ ಆಂಪೆಗ್ ಎಸ್‌ವಿಟಿ ವಾಲ್ವ್ ಆಂಪ್ ಬಿಟ್ಟರೆ ಬೇರೆ ಜೋಡಿ ಇಲ್ಲ. 1969ರಿಂದ ಇವತ್ತಿನವರೆಗೂ ಅದೇ ಅಳತೆಗೋಲು. ವಾಲ್ವ್ ಕೊಡುವ ದುಂಡನೆಯ ನಾದ ಟ್ರಾನ್ಸಿಸ್ಟರ್‌ನಿಂದ ಬರುವುದಿಲ್ಲ.

ಮಂದ್ರ
ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ ಸರ್. ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಫ್ರೆಟ್ (ಕತ್ತಿನ ಲೋಹದ ಪಟ್ಟಿ) ಕಿತ್ತ ಆ 1962ರ ಜಾಝ್ ಬೇಸ್ ನುಡಿಸಿದ್ದು ಯಾವುದರಲ್ಲಿ? ಅಕೂಸ್ಟಿಕ್ 360ರಲ್ಲಿ. ಪೂರ್ತಿ ಟ್ರಾನ್ಸಿಸ್ಟರ್. ಲೆಡ್ ಝೆಪೆಲಿನ್‌ನ ಜಾನ್ ಪಾಲ್ ಜೋನ್ಸ್ ಕೂಡ ಜಾಝ್ ಬೇಸ್‌ಗೆ ಅದೇ 360 ಜೋಡಿಸಿಕೊಂಡಿದ್ದರು. ಗನ್ಸ್ ಎನ್ ರೋಸಸ್‌ನ ಡಫ್ ಮೆಕೇಗನ್ ಬಳಸಿದ್ದು ನಾಲ್ಕುತಂತಿ ಅವರ ಹತ್ತಿರ ಇರುವ ಅದೇ 800ಆರ್‌ಬಿ. ಇವರ ಬೇಸ್ ಯಾರ ಕಿವಿಗೂ ಬೀಳಲಿಲ್ಲ ಅಂತೀರಾ?

ಸೌಂಡ್‌ಚೆಕ್
ವಾಲ್ವಾ ಟ್ರಾನ್ಸಿಸ್ಟರಾ ಎಂಬ ಜಗಳ ಆಮೇಲೆ. ನಾಲ್ಕುತಂತಿ ಅವರೇ, ಮೊದಲು ಇದು ಹೇಳಿ: ಹೆಡ್ ಮುಂದೆ ಸಾಲಾಗಿ ಮೂರು ಗುಂಡಿಗಳಿವೆಯಲ್ಲ, ಲೋ ಕಟ್, ಕಾಂಟೂರ್, ಹೈ ಬೂಸ್ಟ್. ಯಾವುದು ಒಳಗೆ ಒತ್ತಿದೆ? ನಾಬ್‌ಗಳು ಎಲ್ಲಿವೆ?

ನಾಲ್ಕುತಂತಿ
ಕಾಂಟೂರ್ ಮತ್ತು ಹೈ ಬೂಸ್ಟ್ ಎರಡೂ ಒತ್ತಿವೆ. ಬೇಸ್ ನಾಬ್ ಮುಕ್ಕಾಲು ಭಾಗ ಮೇಲಿದೆ. ಲೋ ಮಿಡ್ (ಮಧ್ಯಸ್ವರಗಳ ಕೆಳಭಾಗ) ಸ್ವಲ್ಪ ಕೆಳಗೆ. ಮನೆಯಲ್ಲಿ ಹಾಗೆ ಇಟ್ಟಾಗ ತುಂಬಾ ಚೆನ್ನಾಗಿ ಕೇಳಿಸುತ್ತದೆ.

ಸೌಂಡ್‌ಚೆಕ್
ಹಾಗಾದರೆ ಆಂಪ್ ಮಾರುವ ಮಾತು ಇವತ್ತು ಬೇಡ.

ಕಾಂಟೂರ್ ಗುಂಡಿ ಮಾಡುವುದು ಒಂದೇ ಕೆಲಸ, ಮಧ್ಯದ ಸ್ವರಪಟ್ಟಿಯನ್ನು ಅಗೆದು ತೆಗೆಯುವುದು. ಪ್ರಿಸಿಷನ್ ಪಿಕಪ್‌ನ ಜೀವ ಇರುವುದೇ ಅಲ್ಲಿ, ಸುಮಾರು 200ರಿಂದ 800 ಹರ್ಟ್ಸ್ ನಡುವೆ. ಅದರ ಮೇಲೆ ಲೋ ಮಿಡ್ ಕೂಡ ಇಳಿಸಿದ್ದೀರಿ. ಉಳಿದದ್ದು ಕೆಳಗಿನ ಗುಡುಗು, ಮೇಲಿನ ಟಿಕ್ ಟಿಕ್. ಗುಡುಗಿನ ಜಾಗದಲ್ಲಿ ಕಿಕ್ ಡ್ರಮ್ ಕೂತಿದೆ. ಟಿಕ್ ಟಿಕ್ ಜಾಗದಲ್ಲಿ ಸಿಂಬಲ್ ಮತ್ತು ಗಿಟಾರ್. ಅದೂ ಅಲ್ಲದೆ ಫ್ಲಾಟ್‌ವೂಂಡ್ ತಂತಿಯಲ್ಲಿ ಮೇಲಿನ ಭಾಗ ಮೊದಲೇ ಕಡಿಮೆ. ಬೇಸ್‌ಗೆ ನಿಲ್ಲಲು ಜಾಗವೇ ಉಳಿಯಲಿಲ್ಲ.

ಮನೆಯಲ್ಲಿ ಚೆನ್ನಾಗಿ ಕೇಳಿಸಲು ಬೇರೆ ಕಾರಣ ಇದೆ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿ ಕೆಳಸ್ವರಗಳನ್ನು ಸರಿಯಾಗಿ ಹಿಡಿಯುವುದಿಲ್ಲ. 1933ರಲ್ಲೇ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಅದಕ್ಕೇ ಮನೆಯಲ್ಲಿ ಬೇಸ್ ನಾಬ್ ಏರಿಸೋಣ ಅನಿಸುತ್ತದೆ. ಅದೇ ಸೆಟ್ಟಿಂಗ್ ಜೋರಾಗಿ ಹಾಕಿದರೆ ಬರೀ ಕೆಸರು.

ಮೂರೂ ಗುಂಡಿ ಹೊರಗೆ ತೆಗೆಯಿರಿ. ಎಲ್ಲ ನಾಬ್ ನಡುವೆ ಇಡಿ. ಬ್ಯಾಂಡ್ ನುಡಿಸುತ್ತಿರುವಾಗಲೇ ಲೋ ಮಿಡ್ ನಿಧಾನವಾಗಿ ಏರಿಸಿ. ಒಬ್ಬರೇ ಕೇಳಿದರೆ ಮೂಗಿನಿಂದ ಹಾಡಿದ ಹಾಗೆ ಅನಿಸಬಹುದು. ಅದನ್ನು ಸಹಿಸಿಕೊಳ್ಳಿ.

ಹೊಸಬ
ಒಂದು ಅನುಮಾನ. ಕೆಳಗಿನ ಇ ತಂತಿ 41 ಹರ್ಟ್ಸ್ ಅಲ್ವಾ? ಬೇಸ್ ನಾಬ್ ಇಳಿಸಿದರೆ ಆ ಸ್ವರವೇ ಹೋಗುವುದಿಲ್ಲವಾ?

ಸೌಂಡ್‌ಚೆಕ್
ಹೋಗುವುದಿಲ್ಲ. ಇ ತಂತಿ ಮೀಟಿದಾಗ 41ರ ಜೊತೆ 82, 124, 165 ಹರ್ಟ್ಸ್ ಹೀಗೆ ಮೇಲ್ಪದರಗಳೂ ಹುಟ್ಟುತ್ತವೆ. ಆ ಪದರಗಳು ಸ್ಪಷ್ಟವಾಗಿದ್ದರೆ ಮೆದುಳು ಕೆಳಗಿನ 41ನ್ನು ತಾನೇ ತುಂಬಿಕೊಳ್ಳುತ್ತದೆ. ಎಲ್ಲರೂ ಹೊಗಳುವ ಆ ಎಸ್‌ವಿಟಿಯ ಎಂಟು ಹತ್ತಿಂಚಿನ ಕ್ಯಾಬಿನೆಟ್ ಕೂಡ 60 ಹರ್ಟ್ಸ್ ಹತ್ತಿರದಿಂದ ಕೆಳಗೆ ಜಾರಲು ಶುರು ಮಾಡುತ್ತದೆ. ಯಾರಾದರೂ ಅದರಲ್ಲಿ ಬೇಸ್ ಇಲ್ಲ ಅಂದಿದ್ದಾರಾ?

ಕೆಳದನಿ
ಯಾರೂ ಕ್ಯಾಬಿನೆಟ್ ಬಗ್ಗೆ ಮಾತಾಡುತ್ತಿಲ್ಲ. ನನ್ನ ಪ್ರಕಾರ ಅರ್ಧ ವಿಷಯ ಅಲ್ಲೇ ಇದೆ.

ಹಳೆಯ ರೆಕಾರ್ಡಿಂಗ್‌ಗಳಲ್ಲಿ ಕೇಳುವ ಟ್ರಾನ್ಸಿಸ್ಟರ್ ಆಂಪ್ ನಾದ ಕಾಗದದ ಕೋನ್ ಇರುವ ಸ್ಪೀಕರ್‌ನಿಂದ ಬಂದದ್ದು. ಟ್ವೀಟರ್ ಇರಲಿಲ್ಲ. 4-5 ಕಿಲೋಹರ್ಟ್ಸ್ ದಾಟಿದ ಮೇಲೆ ಸ್ಪೀಕರ್ ತಾನಾಗಿಯೇ ಮೆತ್ತಗಾಗುತ್ತಿತ್ತು. ಅದೇ ಹೆಡ್ ತಂದು ಟ್ವೀಟರ್ ಕ್ಯಾಬಿನೆಟ್‌ಗೆ ಚುಚ್ಚಿದರೆ ಬೆರಳು ಉಜ್ಜುವ ಸದ್ದು, ತಂತಿ ಫ್ರೆಟ್‌ಗೆ ತಾಗುವ ಸದ್ದು, ಆಂಪ್‌ನ ಹಿಸ್ ಎಲ್ಲ ಮುಂದೆ ಬರುತ್ತದೆ. ಆಮೇಲೆ ಜನ "ಟ್ರಾನ್ಸಿಸ್ಟರ್ ಕರ್ಕಶ" ಅನ್ನುತ್ತಾರೆ. ನಿಮ್ಮ ಕ್ಯಾಬಿನೆಟ್ ಹಿಂದೆ ಟ್ವೀಟರ್‌ನ ಸಣ್ಣ ನಾಬ್ ಇರುತ್ತದೆ, ಅದನ್ನು ಸೊನ್ನೆಗೆ ಇಳಿಸಿ ನೋಡಿ. ಫ್ಲಾಟ್‌ವೂಂಡ್‌ಗೆ ಅದರ ಅಗತ್ಯವೇ ಇಲ್ಲ.

ವಾಲ್ವ್‌ಪ್ರೇಮಿ
ಎಲ್ಲ ಸರಿ, ಒಂದು ವಿಷಯ ಒಪ್ಪಿಕೊಳ್ಳಿ. 300 ವಾಟ್ ವಾಲ್ವ್ ಆಂಪ್ ಮುಂದೆ 300 ವಾಟ್ ಟ್ರಾನ್ಸಿಸ್ಟರ್ ಸಪ್ಪೆ. ಪಕ್ಕದಲ್ಲಿಟ್ಟು ಕೇಳಿದ್ದೇನೆ. ವಾಲ್ವ್ ವಾಟ್‌ಗೆ ತೂಕ ಜಾಸ್ತಿ.

ಬೆಸುಗೆ
ವಾಟ್‌ಗೆ ಜಾತಿ ಇಲ್ಲ ಸರ್, ವಾಟ್ ವಾಟೇ. ನೀವು ಕೇಳಿದ ವ್ಯತ್ಯಾಸ ನಿಜ, ಕಾರಣ ಮಾತ್ರ ಬೇರೆ.

ವಾಲ್ವ್ ಆಂಪ್ ಮಿತಿ ಮುಟ್ಟಿದಾಗ ಅಲೆಯ ತುದಿ ನಿಧಾನಕ್ಕೆ ಬಾಗುತ್ತದೆ. ಅದು ಕಿವಿಗೆ ಹಿತ. ಹಾಗಾಗಿ ಮಿತಿ ದಾಟಿಯೂ ನುಡಿಸುತ್ತಾ ಇರುತ್ತೇವೆ. ಟ್ರಾನ್ಸಿಸ್ಟರ್ ಆಂಪ್ ಮಿತಿ ಮುಟ್ಟುವ ತನಕ ಶುದ್ಧ, ಮುಟ್ಟಿದ ಕೂಡಲೇ ಅಲೆಯ ತಲೆ ಕತ್ತರಿಸಿಬಿಡುತ್ತದೆ. ಆ ಕರಕರ ಯಾರಿಗೂ ಬೇಡ, ಆದ್ದರಿಂದ ಮಿತಿಗಿಂತ ಎಷ್ಟೋ ಕೆಳಗೇ ನಿಲ್ಲುತ್ತೇವೆ. ಎರಡೂ ಕಡೆ 300 ಎಂದು ಬರೆದಿದ್ದರೂ ನಾವು ಬಳಸುವುದು ಅಷ್ಟಷ್ಟೇ ಅಲ್ಲ.

ಎರಡನೆಯದು, ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಒಳರೋಧ) ಬಹಳ ಕಡಿಮೆ. ಅದು ಸ್ಪೀಕರ್ ಕೋನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸ್ವರ ನಿಲ್ಲಿಸಿದರೆ ಕೋನೂ ನಿಲ್ಲುತ್ತದೆ. ವಾಲ್ವ್ ಆಂಪ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಮಧ್ಯೆ ಬರುವುದರಿಂದ ಹಿಡಿತ ಸಡಿಲ. ಕ್ಯಾಬಿನೆಟ್ ಎಲ್ಲಿ ಅನುರಣಿಸುತ್ತದೋ ಅಲ್ಲಿ ಉಬ್ಬು ಬರುತ್ತದೆ. ನೀವು ದುಂಡನೆಯ ನಾದ ಅಂದಿರಲ್ಲ, ಅದರಲ್ಲಿ ಈ ಉಬ್ಬಿನ ಪಾಲು ದೊಡ್ಡದು. ಬಿಗಿ ಬೇಕಾದವರಿಗೆ ಟ್ರಾನ್ಸಿಸ್ಟರ್ ಇಷ್ಟವಾಗುತ್ತದೆ.

ಇನ್ನೊಂದು ಮಾತು ನಾಲ್ಕುತಂತಿ ಅವರಿಗೆ. ಬೇಸ್ ನಾಬನ್ನು 6 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ನಾಲ್ಕು ಪಟ್ಟು ಪವರ್ ಬೇಕು. ನಿಮ್ಮ ಹೆಡ್‌ನ ಬಹುಪಾಲು ಶಕ್ತಿ ಯಾರಿಗೂ ಕೇಳಿಸದ ಗುಡುಗಿಗೆ ಖರ್ಚಾಗುತ್ತಿದೆ.

ವಾಲ್ವ್‌ಪ್ರೇಮಿ
ಸರಿ, ಮಿತಿಯ ಮಾತು ಒಪ್ಪುತ್ತೇನೆ. ಆದರೂ ನನ್ನ ಕಿವಿಗೆ ಆ ಉಬ್ಬೇ ಬೇಕು.

ಬೆಸುಗೆ
ಅದರಲ್ಲಿ ತಪ್ಪೇನಿಲ್ಲ. ಅದು ರುಚಿ.

ನಾಲ್ಕುತಂತಿ
ಇದೇ ಥರದ ಇನ್ನೊಂದು 8 ಓಮ್ ಕ್ಯಾಬಿನೆಟ್ ಸಿಗುವ ಸಾಧ್ಯತೆ ಇದೆ. ಸೇರಿಸಲಾ?

ಬೆಸುಗೆ
ಸೇರಿಸಿ. ಎರಡು 8 ಓಮ್ ಸೇರಿದರೆ 4 ಓಮ್. ಆ ಹೆಡ್‌ನ 300 ವಾಟ್ ಹೇಳಿರುವುದೇ 4 ಓಮ್‌ಗೆ, ಈಗ ನಿಮಗೆ ಅಷ್ಟೂ ಸಿಗುತ್ತಿಲ್ಲ. ವಾಟ್ ಏರಿದ್ದರಿಂದ ಸಿಗುವ ಲಾಭ ಕಡಿಮೆ, ಆದರೆ ಎರಡು ಪಟ್ಟು ಕೋನ್ ಗಾಳಿ ತಳ್ಳುತ್ತವಲ್ಲ, ಅದು ಚೆನ್ನಾಗಿ ಗೊತ್ತಾಗುತ್ತದೆ. ಮೂರನೆಯದು ಮಾತ್ರ ಬೇಡವೇ ಬೇಡ. 4 ಓಮ್‌ಗಿಂತ ಕೆಳಗೆ ಹೋದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಬೇಯುತ್ತವೆ.

ಹಿಮ್ಮೇಳ
ನನ್ನದು ಸ್ವಲ್ಪ ಬೇರೆ ಕಥೆ. ಜಾಝ್ ಬೇಸ್, ಅರವತ್ತರ ದಶಕದ ಕೊನೆಯ ಟ್ರಾನ್ಸಿಸ್ಟರ್ ಆಂಪ್. ನಾಬ್ ಏನು ತಿರುಗಿಸಿದರೂ ಕಂಬಳಿ ಹೊದೆಸಿದ ಹಾಗೆ ಮಂಕು. ಬೇಸ್ ಬೇರೆ ಆಂಪ್‌ನಲ್ಲಿ ಚೆನ್ನಾಗಿದೆ. ಆಂಪ್‌ಗೆ ಕೀಬೋರ್ಡ್ ಹಾಕಿದರೆ ಅದೂ ಚೆನ್ನಾಗಿದೆ. ಎರಡು ಸೇರಿದರೆ ಮಾತ್ರ ಹೀಗೆ.

ಬೆಸುಗೆ
ಇದು ನಿಜವಾದ ಜೋಡಿ ಸಮಸ್ಯೆ. ಚೆನ್ನಾಗಿ ಗಮನಿಸಿದ್ದೀರಿ.

ಬ್ಯಾಟರಿ ಇಲ್ಲದ ಹಳೆಯ ಪಿಕಪ್ ಅಂದರೆ ಸಾವಿರಾರು ಸುತ್ತಿನ ತೆಳು ತಾಮ್ರದ ತಂತಿ. ಅದರ ಇಂಡಕ್ಟೆನ್ಸ್ ಮತ್ತು ಕೇಬಲ್‌ನ ಕೆಪಾಸಿಟೆನ್ಸ್ ಸೇರಿ ಸಾಮಾನ್ಯವಾಗಿ 2-3 ಕಿಲೋಹರ್ಟ್ಸ್ ಸುತ್ತ ಒಂದು ಉಬ್ಬು ಹುಟ್ಟುತ್ತದೆ. ಬೇಸ್‌ನ ಹೊಳಪು ಅಂತ ನಾವು ಕರೆಯುವುದು ಅದನ್ನೇ. ವಾಲ್ವ್ ಆಂಪ್‌ಗಳ ಇನ್‌ಪುಟ್ ರೋಧ ಸಾಮಾನ್ಯವಾಗಿ 1 ಮೆಗಾಓಮ್ (10 ಲಕ್ಷ ಓಮ್). ಪಿಕಪ್‌ಗೆ ಅದರ ಭಾರ ಗೊತ್ತೇ ಆಗುವುದಿಲ್ಲ. ಮೊದಮೊದಲ ಕೆಲವು ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಇದು 1 ಲಕ್ಷ ಓಮ್ ಅಥವಾ ಅದಕ್ಕೂ ಕಡಿಮೆ ಇರುತ್ತಿತ್ತು. ಆಗ ಆ ಉಬ್ಬು ಚಪ್ಪಟೆಯಾಗುತ್ತದೆ. ಆಂಪ್‌ನ ಟ್ರೆಬಲ್ ನಾಬ್ ತಿರುಗಿಸಿ ಪ್ರಯೋಜನ ಇಲ್ಲ, ಏಕೆಂದರೆ ಹೊಳಪು ಆಂಪ್ ಒಳಗೆ ಬರುವ ಮುಂಚೆಯೇ ಸತ್ತಿದೆ. ಕೀಬೋರ್ಡ್‌ನ ಔಟ್‌ಪುಟ್ ಬಲವಾದದ್ದು, ಅದಕ್ಕೆ ಈ ಭಾರ ಲೆಕ್ಕಕ್ಕಿಲ್ಲ.

ಪರಿಹಾರ ಸುಲಭ. ಬೇಸ್ ಮತ್ತು ಆಂಪ್ ನಡುವೆ ಒಂದು ಬಫರ್ (ಪಿಕಪ್‌ಗೆ ಭಾರ ತಾಗದಂತೆ ಸಿಗ್ನಲ್ ದಾಟಿಸುವ ಸರ್ಕ್ಯೂಟ್) ಇಡಿ, ಬೇಸ್‌ಗೆ ಹತ್ತಿರವಾಗಿ. ಟ್ರೂ ಬೈಪಾಸ್ (ಆಫ್ ಮಾಡಿದರೆ ಸಿಗ್ನಲ್ ನೇರ ದಾಟುವ ಥರ) ಅಲ್ಲದ, ಬಫರ್ ಇರುವ ಯಾವ ಪೆಡಲ್ ಆದರೂ ಸಾಕು, ಆಫ್ ಮಾಡಿದ್ದರೂ ಕೆಲಸ ಮಾಡುತ್ತದೆ. ಆಂಪ್ ಬಿಚ್ಚಿ ಇನ್‌ಪುಟ್ ಬದಲಾಯಿಸಲು ಹೋಗಬೇಡಿ, ಹಳೆಯ ವಸ್ತು ಹಾಗೇ ಇರಲಿ.

ನಾಲ್ಕುತಂತಿ
ನನ್ನ ಹೆಡ್‌ನಲ್ಲೂ ಇದೇ ತೊಂದರೆ ಇರಬಹುದಾ?

ಬೆಸುಗೆ
ಇಲ್ಲ. ಎಂಬತ್ತರ ಹೊತ್ತಿಗೆ ಪಿಕಪ್‌ಗೆ ಭಾರವಾಗದ ಎಫ್‌ಇಟಿ ಮತ್ತು ಐಸಿ ಇನ್‌ಪುಟ್‌ಗಳು ಬಂದಿದ್ದವು. ನಿಮ್ಮದು ಬರೀ ಕಾಂಟೂರ್.

ಟ್ರೆಬಲ್‌ಪ್ರಿಯ
ಹಳೆಯ ರಿಕೆನ್‌ಬ್ಯಾಕರ್ 4001 ಇರುವವರಿಗೆ ಇದರ ತಿರುಗುಮುರುಗು ಪಾಡು. ಬ್ರಿಡ್ಜ್ ಪಿಕಪ್ (ತಂತಿ ಕಟ್ಟುವ ತುದಿಯ ಬಳಿಯದು) ಸಾಲಿನಲ್ಲಿ 0.0047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದಿದೆ, ಅದು ಕೆಳಸ್ವರ ಕತ್ತರಿಸುತ್ತದೆ. ವಾಲ್ವ್ ಆಂಪ್‌ನಲ್ಲಿ ಅದು ಚಂದ, ಗಂಟೆ ಬಾರಿಸಿದ ಹಾಗೆ. ಚೊಕ್ಕ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಬ್ರಿಡ್ಜ್ ಪಿಕಪ್ ಒಂದನ್ನೇ ಬಳಸಿದರೆ ಸೊರಗಿದ ಸದ್ದು. ನೆಕ್ ಪಿಕಪ್ ಪೂರ್ತಿ ತೆರೆದು, ಬ್ರಿಡ್ಜ್ ಸ್ವಲ್ಪ ಬೆರೆಸಿ. ಕೆಪಾಸಿಟರ್ ಕಿತ್ತುಹಾಕಿದವರೂ ಇದ್ದಾರೆ. ನನಗಂತೂ ಅದನ್ನು ಕಿತ್ತರೆ ರಿಕ್ ಅನಿಸುವುದೇ ಇಲ್ಲ.

ಮಂದ್ರ
ಅಕೂಸ್ಟಿಕ್ 360 ಬಗ್ಗೆ ಹೇಳದೆ ಇರಲಾರೆ. ಹೆಡ್‌ನಲ್ಲಿ ಪ್ರೀಆಂಪ್ (ಸ್ವರ ತಿದ್ದುವ ಮೊದಲ ಹಂತ) ಮಾತ್ರ. 200 ವಾಟ್‌ನ ಪವರ್ ಆಂಪ್ ಕೆಳಗಿನ 361 ಕ್ಯಾಬಿನೆಟ್ ಒಳಗೆ. ಅದರಲ್ಲಿ ಒಂದೇ ಒಂದು 18 ಇಂಚಿನ ಸ್ಪೀಕರ್, ಅದೂ ಹಿಂದಕ್ಕೆ ಮುಖ ಮಾಡಿ ಕೂತಿದೆ. ಸದ್ದು ಮಡಚಿದ ಹಾರ್ನ್ ದಾರಿ ಸುತ್ತಿ ಮುಂದೆ ಬರುತ್ತದೆ. ಅರವತ್ತರ ಕೊನೆಯಲ್ಲಿ ದೊಡ್ಡ ವೇದಿಕೆಗೆಂದೇ ಮಾಡಿದ್ದು. ಫಝ್ (ಕರಕರ ಸದ್ದಿನ ಎಫೆಕ್ಟ್) ಕೂಡ ಒಳಗೇ ಇದೆ. ಅದರ ಮುಂದೆಯೇ ನಿಂತು ನುಡಿಸುವವನಿಗೆ ಸರಿಯಾಗಿ ಕೇಳಿಸುವುದಿಲ್ಲ. ದೂರ ನಿಂತವರಿಗೆ ಎದೆಗೆ ಬಡಿಯುತ್ತದೆ. 41 ಹರ್ಟ್ಸ್ ಅಲೆಯ ಉದ್ದ 8 ಮೀಟರಿಗಿಂತ ಜಾಸ್ತಿ, ಅಷ್ಟು ದೂರ ಹೋಗದೆ ಅಲೆ ರೂಪುಗೊಳ್ಳುವುದಿಲ್ಲ.

ಸೌಂಡ್‌ಚೆಕ್
ಉದ್ದದ ಲೆಕ್ಕ ಸರಿ, ಕೊನೆಯ ಮಾತು ಸರಿಯಲ್ಲ ಮಂದ್ರ ಸರ್. ಅಲೆ ರೂಪುಗೊಳ್ಳಲು ದೂರ ಬೇಕಾಗಿದ್ದರೆ ಹೆಡ್‌ಫೋನ್‌ನಲ್ಲಿ ಬೇಸ್ ಕೇಳಿಸಲೇಬಾರದಿತ್ತು. ಕಿವಿಗೆ ಬೇಕಾದ್ದು ಒತ್ತಡದ ಏರಿಳಿತ, ಅದು ಸ್ಪೀಕರ್ ಪಕ್ಕದಲ್ಲೇ ಇದೆ. ಹತ್ತಿರ ನಿಂತವನಿಗೆ ಸಿಗದೇ ಇರುವುದು ಮೇಲಿನ ಸ್ವರಗಳು. ಸ್ಪೀಕರ್ ಹಿಂದಕ್ಕೆ ತಿರುಗಿದೆ, ಮಡಚಿದ ದಾರಿಯಲ್ಲಿ ಎತ್ತರದ ಸ್ವರ ಉಳಿಯುವುದಿಲ್ಲ, ಬಂದಷ್ಟು ಮೊಣಕಾಲಿಗೆ ಬಡಿದು ಹೋಗುತ್ತದೆ. ಸ್ಪಷ್ಟತೆ ಇಲ್ಲದ್ದರಿಂದ ಕೇಳಿಸಲಿಲ್ಲ ಅನಿಸುತ್ತದೆ. ದೂರದಲ್ಲಿ ಗೋಡೆ, ನೆಲ ಸೇರಿ ಕೆಳಸ್ವರ ತುಂಬಿಕೊಡುತ್ತವೆ.

ಮಂದ್ರ
ಕಾರಣ ನೀವು ಹೇಳಿದ್ದೇ ಇರಲಿ. ಆದರೆ ಅನುಭವ ಬದಲಾಗುವುದಿಲ್ಲ: ಆ ಕ್ಯಾಬಿನೆಟ್ ಮುಂದೆ ನಿಂತು ಕೇಳಿ ವಾಲ್ಯೂಮ್ ಇಟ್ಟರೆ ಹಿಂದಿನ ಸಾಲಿನವರ ಕಿವಿ ಹೋಗುತ್ತದೆ. ಜಾಕೊ ಬ್ರಿಡ್ಜ್ ಪಿಕಪ್ ಮೇಲೆ ಒತ್ತು ಕೊಟ್ಟು, ರೋಟೋಸೌಂಡ್ ಕಂಪನಿಯ ರೌಂಡ್‌ವೂಂಡ್ (ದುಂಡು ತಂತಿ ಸುತ್ತಿದ, ಹೊಳಪಿನ) ತಂತಿ ಹಾಕಿ ನುಡಿಸುತ್ತಿದ್ದದ್ದು ಈ ಕ್ಯಾಬಿನೆಟ್‌ಗೆ ಎಷ್ಟು ಸರಿಹೊಂದುತ್ತದೆ ನೋಡಿ. ಕೆಳಗಿನದ್ದನ್ನು 18 ಇಂಚು ನೋಡಿಕೊಳ್ಳುತ್ತದೆ, ಮಧ್ಯದ ಮಾತು ಬ್ರಿಡ್ಜ್ ಪಿಕಪ್ ಆಡುತ್ತದೆ. ಅದೇ ಕ್ಯಾಬಿನೆಟ್‌ಗೆ ಫ್ಲಾಟ್‌ವೂಂಡ್ ಹಾಕಿದ ಪ್ರಿಸಿಷನ್ ಕೊಡಿ, ಬರೀ ಗುಡುಗು.

ಕೆಳದನಿ
ತಂತಿ ವಿಷಯ ಬಂತಲ್ಲ. ಬೇಸ್ ವಾದಕ ಜೇಮ್ಸ್ ಜೇಮರ್ಸನ್ ದಪ್ಪ ಲಾ ಬೆಲ್ಲಾ ಫ್ಲಾಟ್‌ವೂಂಡ್ ಹಾಕಿ, ತುಂಡಾಗುವ ತನಕ ಬದಲಾಯಿಸುತ್ತಿರಲಿಲ್ಲ. ಬ್ರಿಡ್ಜ್ ಮುಚ್ಚಳದ ಕೆಳಗೆ ಸ್ಪಂಜು ಬೇರೆ. ಹಳೆಯ ಪ್ರಿಸಿಷನ್ ಇರುವವರು ಆ ಸ್ಪಂಜು ಒಮ್ಮೆ ಹಾಕಿ ನೋಡಿ. ಟ್ರಾನ್ಸಿಸ್ಟರ್ ಆಂಪ್ ಪ್ರತಿಯೊಂದನ್ನೂ ಇದ್ದ ಹಾಗೇ ತೋರಿಸುತ್ತದೆ, ಸ್ಪಂಜು ಸ್ವರದ ಬಾಲ ಕತ್ತರಿಸುತ್ತದೆ. ಪ್ರತಿ ಸ್ವರ ಠಕ್ ಎಂದು ಕೂರುತ್ತದೆ.

ಟ್ರೆಬಲ್‌ಪ್ರಿಯ
ಸ್ಪಂಜು ಬೇಡಪ್ಪ. ಹೊಸ ತಂತಿಯ ಝಣ್ ಎನ್ನುವ ಸದ್ದಿಗೇ ನಾನು ಬೇಸ್ ಹಿಡಿದದ್ದು.

ಹೊಸಬ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಹಳೆಯ ಬ್ಯಾಂಡ್‌ನ ಟ್ರಾನ್ಸಿಸ್ಟರ್ ಹೆಡ್ ಒಂದು ವರ್ಷಗಟ್ಟಲೆ ಮೂಲೆಯಲ್ಲಿತ್ತು. ಎರಡು ಕಾಲಿನ ಪ್ಲಗ್. ಇವತ್ತು ಸಂಜೆ ನನ್ನ ಕ್ಯಾಬಿನೆಟ್‌ಗೆ ಹಾಕಿ ಆನ್ ಮಾಡೋಣ ಅಂತಿದ್ದೇನೆ. ವಾಲ್ವ್ ಇಲ್ಲವಲ್ಲ, ಭಯ ಇಲ್ಲ ಅಲ್ವಾ?

ಬೆಸುಗೆ
ಇವತ್ತು ಸಂಜೆ ಮಾಡಬೇಡಿ. ದಯವಿಟ್ಟು ಪೂರ್ತಿ ಓದಿ.

ಮೊದಲು ಪ್ಲಗ್. ಎರಡು ಕಾಲಿನದ್ದಾದರೆ ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ಅರ್ಥಿಂಗ್ ಇಲ್ಲ. ಆ ಕಾಲದ ಕೆಲವು ಆಂಪ್‌ಗಳಲ್ಲಿ ಕರೆಂಟಿನ ಒಂದು ತಂತಿಯಿಂದ ಚಾಸಿಗೆ ಕೆಪಾಸಿಟರ್ ಒಂದನ್ನು ಹಾಕಿರುತ್ತಾರೆ. ಅದು ಶಾರ್ಟ್ ಆದರೆ ನಿಮ್ಮ ಬೇಸ್‌ನ ತಂತಿಗಳಿಗೇ ಕರೆಂಟ್ ಬರುತ್ತದೆ. ಇನ್ನೊಂದು ಕೈ ಮೈಕ್ ಮುಟ್ಟಿದರೆ ಜೀವಕ್ಕೆ ಅಪಾಯ. ಮೂರು ಕಾಲಿನ ವೈರ್ ಹಾಕಿಸಿ, ಆ ಕೆಪಾಸಿಟರ್ ತೆಗೆಸಿ. ಹಿಂಬದಿಯ ಚೀಟಿಯಲ್ಲಿ 120 ವೋಲ್ಟ್ ಎಂದಿದೆಯೋ 230 ಎಂದಿದೆಯೋ ಅದನ್ನೂ ನೋಡಿ.

ಎರಡನೆಯದು, ಒಳಗಿನ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಬಳಸದೆ ಇಟ್ಟರೆ ಒಣಗುತ್ತವೆ. ತಲೆ ಉಬ್ಬಿದ್ದರೆ, ಬುಡದಲ್ಲಿ ಅಂಟು ಸೋರಿದ್ದರೆ ಬದಲಾಯಿಸಲೇಬೇಕು. ಆಫ್ ಮಾಡಿದ ಮೇಲೂ ಅವುಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಬೆರಳು ಹಾಕಬೇಡಿ.

ಮೊದಲ ಸಲ ಆನ್ ಮಾಡುವಾಗ ಕರೆಂಟಿನ ಸಾಲಿನಲ್ಲಿ ಒಂದು ಹಳೆಯ ಥರದ ಫಿಲಮೆಂಟ್ ಬಲ್ಬ್ ಸೇರಿಸುತ್ತೇವೆ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಒಳ್ಳೆಯದು. ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್.

ಸ್ಪೀಕರ್ ಇನ್ನೂ ಜೋಡಿಸಬೇಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ಜಾಕ್‌ನ ಎರಡು ತುದಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಸರಿ. 2ಎನ್3055 ಥರದ ಔಟ್‌ಪುಟ್ ಟ್ರಾನ್ಸಿಸ್ಟರ್ ಸತ್ತಿದ್ದರೆ ಅಲ್ಲಿ ಹತ್ತಾರು ವೋಲ್ಟ್ ಡಿಸಿ ಕಾಣಬಹುದು. ಅದು ಸ್ಪೀಕರ್‌ಗೆ ಹೋದರೆ ಕೋನ್ ಒಂದೇ ಕಡೆಗೆ ಹಾರಿ ನಿಲ್ಲುತ್ತದೆ, ವಾಯ್ಸ್ ಕಾಯಿಲ್ ಸುಡುತ್ತದೆ. ವಾಲ್ವ್ ಆಂಪ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಈ ಡಿಸಿ ತಡೆಯುತ್ತದೆ, ಇಲ್ಲಿ ಹೆಚ್ಚಿನವುಗಳಲ್ಲಿ ತಡೆಯುವವರು ಯಾರೂ ಇಲ್ಲ. ಸ್ಪೀಕರ್ ಇಲ್ಲದೆ ಟ್ರಾನ್ಸಿಸ್ಟರ್ ಆಂಪ್ ಆನ್ ಮಾಡಬಹುದು. ವಾಲ್ವ್ ಆಂಪನ್ನು ಮಾತ್ರ ಹಾಗೆ ಮಾಡಲೇಬಾರದು.

ಫ್ಯೂಸ್ ಹೋದರೆ ಅದೇ ಅಳತೆಯದ್ದನ್ನೇ ಹಾಕಿ, ದೊಡ್ಡದನ್ನಲ್ಲ. ಈ ಕೆಲಸ ರೂಢಿ ಇಲ್ಲದಿದ್ದರೆ ಗೊತ್ತಿರುವ ಮೆಕ್ಯಾನಿಕ್ ಕೈಗೆ ಕೊಡಿ.

ಹೊಸಬ
ಬಹಳ ಉಪಕಾರ ಸರ್. ಪ್ಲಗ್ ಹಾಕುವುದಿಲ್ಲ. ಮೆಕ್ಯಾನಿಕ್ ಹತ್ತಿರ ಒಯ್ಯುತ್ತೇನೆ.

ನಾಲ್ಕುತಂತಿ
ನಿನ್ನೆ ಅಭ್ಯಾಸದಲ್ಲಿ ನೋಡಿದೆ. ಮೂರೂ ಗುಂಡಿ ಹೊರಗೆ, ಟ್ವೀಟರ್ ಸೊನ್ನೆ, ಬೇಸ್ ನಡುವಿಗಿಂತ ಚೂರು ಕೆಳಗೆ, ಲೋ ಮಿಡ್ ಮೇಲೆ. ವಾಲ್ಯೂಮ್ ಮೊದಲಿಗಿಂತ ಕಡಿಮೆ ಇದ್ದರೂ ಪ್ರತಿ ಸ್ವರ ಕೇಳಿಸಿತು. ಡ್ರಮ್ಮರ್ ತಾನಾಗಿಯೇ "ಬೇಸ್ ಬದಲಾಯಿಸಿದೆಯಾ?" ಎಂದು ಕೇಳಿದ. ಹೆಡ್ ಮಾರುವುದಿಲ್ಲ. ಸ್ಪಂಜು ಮುಂದಿನ ವಾರ.

ವಾಲ್ವ್‌ಪ್ರೇಮಿ
ಖುಷಿಯಾಯಿತು. ಒಂದು ಒಳ್ಳೆಯ ಓವರ್‌ಡ್ರೈವ್ ಪೆಡಲ್ ಅದರ ಮುಂದಿಟ್ಟು, ಗೇನ್ ತೀರಾ ಕಡಿಮೆ ಮಾಡಿ ನೋಡಿ. ಅಲೆಯ ತುದಿ ಬಾಗುವ ಕೆಲಸ ಪೆಡಲ್ ಮಾಡಿಕೊಡುತ್ತದೆ, ಹೆಡ್ ಶುದ್ಧವಾಗಿ ಉಳಿಯುತ್ತದೆ.

ಹಿಮ್ಮೇಳ
ಬಫರ್ ಕೆಲಸ ಮಾಡಿತು! ಜಾಝ್ ಬೇಸ್‌ಗೆ ಹೊಳಪು ವಾಪಸ್ ಬಂತು. ಆದರೆ ಈಗ ಒಂದೇ ಪಿಕಪ್ ತೆರೆದರೆ ಗುಂಯ್ ಎನ್ನುವುದೂ ಕೇಳಿಸುತ್ತಿದೆ.

ಬೆಸುಗೆ
ಅದು ಸಿಂಗಲ್ ಕಾಯಿಲ್‌ನ ಗುಣ. ಮೊದಲು ಮಂಕಿನಲ್ಲಿ ಮುಚ್ಚಿಹೋಗಿತ್ತು. ಎರಡೂ ವಾಲ್ಯೂಮ್ ಪೂರ್ತಿ ತೆರೆಯಿರಿ. ಎರಡು ಪಿಕಪ್ ಒಂದಕ್ಕೊಂದು ತಿರುಗುಮುರುಗಾಗಿ ಸುತ್ತಿರುವುದರಿಂದ ಹಮ್ ಅಳಿಸಿಹೋಗುತ್ತದೆ. ಪ್ರಿಸಿಷನ್‌ನ 1957ರ ನಂತರದ ಎರಡು ತುಂಡಿನ ಪಿಕಪ್‌ನಲ್ಲೂ ಇದೇ ಉಪಾಯ, ಅದಕ್ಕೇ ನಾಲ್ಕುತಂತಿ ಅವರಿಗೆ ಈ ಕಾಟ ಇಲ್ಲ.

ಗಿಡ್ಡಸ್ಕೇಲ್
ತಡವಾಗಿ ಬಂದೆ. ಗಿಬ್ಸನ್ ಇಬಿ-3, 30.5 ಇಂಚಿನ ಸ್ಕೇಲ್ (ತಂತಿಯ ನುಡಿಯುವ ಉದ್ದ), ನೆಕ್ ಹತ್ತಿರ ಆ ದೊಡ್ಡ ಹಂಬಕರ್ (ಎರಡು ಕಾಯಿಲ್‌ನ ಪಿಕಪ್). ಹಳೆಯ 15 ಇಂಚಿನ ಟ್ರಾನ್ಸಿಸ್ಟರ್ ಕಾಂಬೋದಲ್ಲಿ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ) ಬರೀ ಕೆಸರು. ಇದಕ್ಕೂ ಲೋ ಮಿಡ್ ಏರಿಸಬೇಕಾ?

ಸೌಂಡ್‌ಚೆಕ್
ಬೇಡ, ನಿಮ್ಮದಕ್ಕೆ ಉಲ್ಟಾ. ಆ ಹಂಬಕರ್‌ನಲ್ಲಿ ಕೆಳಗಿನದ್ದು ಬೇಕಾದ್ದಕ್ಕಿಂತ ಜಾಸ್ತಿ ಇದೆ. ಬೇಸ್ ನಾಬ್ ಚೆನ್ನಾಗಿ ಇಳಿಸಿ, ಲೋ ಮಿಡ್ ಮುಟ್ಟಬೇಡಿ, 800 ಹರ್ಟ್ಸ್ ಸುತ್ತ ಏರಿಸಿ. ಬ್ರಿಡ್ಜ್ ಕಡೆಯ ಚಿಕ್ಕ ಪಿಕಪ್ ಬೆರೆಸಿ, ಬೆರಳನ್ನೂ ಬ್ರಿಡ್ಜ್ ಕಡೆಗೆ ಸರಿಸಿ ಮೀಟಿ. ತಂತಿ ರೌಂಡ್‌ವೂಂಡ್ ಇರಲಿ.

ಗಿಡ್ಡಸ್ಕೇಲ್
ತಂತಿ ಫ್ಲಾಟ್‌ವೂಂಡ್ ಇದೆ, ಬದಲಾಯಿಸಿ ನೋಡುತ್ತೇನೆ. ಕಾಂಬೋದ ಇನ್‌ಪುಟ್‌ನಲ್ಲಿ ಹೈ, ಲೋ ಎಂದು ಎರಡು ತೂತುಗಳಿವೆ. ಯಾವುದು?

ಬೆಸುಗೆ
ಹೈ. ಲೋ ಇನ್‌ಪುಟ್ ಇರುವುದು ಸಿಗ್ನಲ್ ಜೋರಾಗಿರುವ ವಾದ್ಯಗಳಿಗೆ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಥರ ಬ್ಯಾಟರಿ ಪ್ರೀಆಂಪ್ ಇರುವ ಬೇಸ್ ಆಗಿದ್ದರೆ ಲೋ ಹೇಳುತ್ತಿದ್ದೆ. ಹೈನಲ್ಲಿ ಕರಕರ ಬಂದರೆ ಬೇಸ್‌ನ ವಾಲ್ಯೂಮ್ ಇಳಿಸಬೇಡಿ, ಪಿಕಪ್ಪನ್ನು ಒಂದೆರಡು ಸುತ್ತು ಸ್ಕ್ರೂ ಕೆಳಗಿಳಿಸಿ.